ಚಕ್ರದ ಮೇಲಿನ ಆ ನಾಲ್ಕು ಬೆರಳು

ನಿಮ್ಮ ಕಾರನ್ನು ಒಮ್ಮೆ ಪಕ್ಕದಿಂದ ನೋಡಿ. ಟೈರಿಗೂ ಅದರ ಮೇಲೆ ಕಮಾನಿನ ಹಾಗೆ ಬಾಗಿರುವ ಬಾಡಿಗೂ ನಡುವೆ ಮೂರ್ನಾಲ್ಕು ಬೆರಳು ಹಿಡಿಯುವಷ್ಟು ಜಾಗ ಕಾಣುತ್ತೆ. ಇದಕ್ಕೇ ವೀಲ್ ಗ್ಯಾಪ್ ಅಂತಾರೆ. ನಮ್ಮ ದೇಶದ ಎಷ್ಟೋ ಕಾರುಗಳಲ್ಲಿ ಇದು ಪಂಚೆ ಎತ್ತಿ ಕಟ್ಟಿ ನಿಂತವರ ಹಾಗೆ ಎದ್ದು ಕಾಣುತ್ತೆ. ಹೊಸದಾಗಿ ಕಾರು ತಗೊಂಡ ಹುಡುಗರ ಕಣ್ಣು ಮೊದಲು ಹೋಗೋದೇ ಅಲ್ಲಿಗೆ.

ನಮ್ಮ ಚಿಕ್ಕಪ್ಪನ ಮಗನಿಗೂ ಇದೇ ಚಿಂತೆ. "ಅಣ್ಣಾ, ಬೇರೆ ಸ್ಪ್ರಿಂಗ್ ಹಾಕಿಸಿ 35 ಎಂಎಂ ಇಳಿಸಿಬಿಟ್ರೆ ಸೂಪರ್ ಆಗಿ ಕಾಣುತ್ತೆ" ಅಂತಾನೆ. "ಇಳಿಸೋದು ಅಂದ್ರೇನಪ್ಪಾ? ಹಬ್ಬಕ್ಕೆ ಊರಿಗೆ ಹೋಗೋದು ನಾವೆಲ್ಲ ಅದೇ ಕಾರಲ್ಲಿ ಅಲ್ವಾ?" ಅಂತ ಚಿಕ್ಕಮ್ಮ ಫೋನಲ್ಲಿ ಕೇಳಿದ್ರು. ಕೇಳಬೇಕಾದ ಪ್ರಶ್ನೆಯೇ. ಹಾಗಾಗಿ ಈ ಸಲ ಸ್ವಲ್ಪ ಲೆಕ್ಕ ಹಾಕೋಣ.

ಆ ಜಾಗ ಸುಮ್ಮನೆ ಬಿಟ್ಟಿದ್ದಲ್ಲ. ಗುಂಡಿಗೆ, ಹಂಪಿಗೆ ಚಕ್ರ ಮೇಲೇಳೋದು ಅಲ್ಲಿಗೇ. ಐದು ಜನ ಕೂತು ಡಿಕ್ಕಿ ತುಂಬಿದಾಗ ಬಾಡಿ ಕೆಳಗಿಳಿಯೋದೂ ಅಲ್ಲಿಂದಲೇ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಉಜ್ಜದೇ ಇರೋಕೂ ಅದು ಬೇಕು.

ಗ್ಯಾಪ್ ಕಡಿಮೆ ಮಾಡೋಕೆ ದಾರಿ ಎರಡೇ. ಬಾಡಿಯನ್ನು ಕೆಳಗಿಳಿಸಬೇಕು, ಇಲ್ಲಾ ಟೈರನ್ನು ದೊಡ್ಡದು ಮಾಡಬೇಕು.

ಮೊದಲ ದಾರಿ ನೋಡೋಣ. 2018ರಲ್ಲಿ ಬಂದ ಮಾರುತಿ ಸ್ವಿಫ್ಟ್ ಉದಾಹರಣೆಗೆ ಇರಲಿ. ಅದರ ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಅಷ್ಟು ಅಗಲದ ಹಂಪಿನ ಮೇಲೆ ನಾಲ್ಕೂ ಚಕ್ರ ಹತ್ತಿ ನಿಲ್ಲುವುದರಿಂದ ಕಾರಿನ ಹೊಟ್ಟೆಯ ಕೆಳಗೆ ಕಮ್ಮಿಯಾಗೋದು ಸುಮಾರು 44 ಮಿ.ಮೀ. ಅಷ್ಟೇ. ತೊಂದರೆಯಿಲ್ಲ.

ಆದರೆ ನಮ್ಮ ಬೀದಿಗಳಲ್ಲಿ ಅಂಥ ಹಂಪ್ ಎಲ್ಲಿದೆ ಹೇಳಿ! ಒಂದು ಮೀಟರ್ ಅಗಲ, 12 ಸೆಂ.ಮೀ. ಎತ್ತರದ ಹಂಪ್ ಅಂತಿಟ್ಟುಕೊಳ್ಳಿ. ಮುಂದಿನ ಚಕ್ರ ದಾಟಿ ಹಿಂದಿನದು ಇನ್ನೂ ಹತ್ತದೇ ಇರುವಾಗ ಆ 120 ಮಿ.ಮೀ. ಪೂರ್ತಿ ಕಾರಿನ ಹೊಟ್ಟೆಯ ಕೆಳಗೇ ಇರುತ್ತೆ. ತುಂಬಿದ ಕಾರು 40 ಮಿ.ಮೀ. ಕುಸಿದಿದ್ದರೆ ಉಳಿದ ಕ್ಲಿಯರೆನ್ಸ್ 123. ಅಂದ್ರೆ ಮೂರೇ ಮಿ.ಮೀ. ಅಂತರದಲ್ಲಿ ಪಾರು. ಇಂಥ ಕಾರನ್ನು 35 ಮಿ.ಮೀ. ಇಳಿಸಿದ್ರೆ ಉಳಿಯೋದು 88. ಹಂಪ್ ದಾಟುವಾಗ ತಳ ಹೊಡೆಯೋದು ಗ್ಯಾರಂಟಿ. ತಳದಲ್ಲಿ ಇರೋದು ಸೈಲೆನ್ಸರ್ ಪೈಪ್, ಇಂಜಿನ್ನಿನ ಆಯಿಲ್ ಚೇಂಬರ್. ಚೇಂಬರ್ ಒಡೆದು ಆಯಿಲ್ ಸೋರಿದ್ದು ಗೊತ್ತಾಗದೆ ಓಡಿಸಿದ್ರೆ ಇಂಜಿನ್ನೇ ಹೋಗುತ್ತೆ. ಅದೂ ಮನೆಯವರೆಲ್ಲ ಕಾರಲ್ಲಿರುವಾಗ, ರಾತ್ರಿ ಹೊತ್ತು, ಊರಾಚೆ.

ಇನ್ನು ಕೆಲವು ಗ್ಯಾರೇಜುಗಳಲ್ಲಿ ಇರೋ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿ ಕೊಡ್ತಾರೆ. ಇದನ್ನಂತೂ ಖಂಡಿತ ಮಾಡಿಸಬೇಡಿ. ಚಕ್ರ ಪೂರ್ತಿ ಕೆಳಗೆ ಜೋತಾಗ ಕತ್ತರಿಸಿದ ಸ್ಪ್ರಿಂಗ್ ತನ್ನ ಜಾಗದಿಂದ ಜಾರಬಹುದು.

ಎರಡನೇ ದಾರಿ ಟೈರಿನದ್ದು. ಇದೇ ಸ್ವಿಫ್ಟಿನ ಮೇಲಿನ ಮಾಡೆಲ್ಲಿಗೆ ಬರೋ ಟೈರ್ 185/65 ಆರ್15. 185 ಅನ್ನೋದು ಅಗಲ, ಅದರ ಶೇ. 65ರಷ್ಟು ಸೈಡ್ ವಾಲ್ ಎತ್ತರ, 15 ಇಂಚಿನ ರಿಮ್. ಒಟ್ಟು ವ್ಯಾಸ 621.5 ಮಿ.ಮೀ. 195/65 ಆರ್15 ಹಾಕಿದ್ರೆ ವ್ಯಾಸ 634.5 ಆಗುತ್ತೆ. ಹೆಚ್ಚಾದ 13ರಲ್ಲಿ ಅರ್ಧ ಮೇಲಕ್ಕೆ, ಅರ್ಧ ಕೆಳಕ್ಕೆ. ಅಂದ್ರೆ ಗ್ಯಾಪ್ 6.5 ಮಿ.ಮೀ. ಕಡಿಮೆ, ಕ್ಲಿಯರೆನ್ಸ್ 6.5 ಮಿ.ಮೀ. ಜಾಸ್ತಿ! ಸ್ಪ್ರಿಂಗ್ ಮುಟ್ಟದೇನೇ ಎರಡೂ ಸಿಕ್ತು. ಪೂರ್ತಿ ಗ್ಯಾಪ್ ಮುಚ್ಚಲ್ಲ, ಆದರೆ ಟೈರ್ ಅಗಲವೂ ಆಗಿರೋದ್ರಿಂದ ಕಣ್ಣಿಗೆ ತುಂಬಿದ ಹಾಗೆ ಕಾಣುತ್ತೆ.

ಬರೀ ಅಂದಕ್ಕೆ 16 ಇಂಚಿನ ಅಲಾಯ್ ಹಾಕಿಸೋರು ಇದನ್ನು ನೋಡ್ಕೊಳ್ಳಿ: 195/55 ಆರ್16ರ ವ್ಯಾಸ 620.9. ಗ್ಯಾಪ್ ಇದ್ದ ಹಾಗೇ ಇರುತ್ತೆ, ಸೈಡ್ ವಾಲ್ ಮಾತ್ರ 13 ಮಿ.ಮೀ. ತೆಳ್ಳಗಾಗುತ್ತೆ. ಗುಂಡಿಗೆ ಬಿದ್ದಾಗ ಏಟು ನೇರ ರಿಮ್ಮಿಗೆ.

ದೊಡ್ಡ ಟೈರಿಗೂ ಒಂದಿಷ್ಟು ಬೆಲೆ ತೆರಬೇಕು. ಮೇಲಿನ ಲೆಕ್ಕದಲ್ಲಿ ವ್ಯಾಸ ಶೇ. 2ರಷ್ಟು ಹೆಚ್ಚಿದೆ. ಹಾಗಾಗಿ ಸ್ಪೀಡೋಮೀಟರ್ ಮೊದಲಿಗಿಂತ ಶೇ. 2ರಷ್ಟು ಕಮ್ಮಿ ತೋರಿಸುತ್ತೆ. ಮೈಲೇಜ್ ಕೊಂಚ ಇಳಿಯಬಹುದು. ಟೈರ್ ಅಂಗಡಿಯಲ್ಲಿ ನಿಮ್ಮ ರಿಮ್ಮಿನ ಅಗಲಕ್ಕೆ ಹೊಸ ಟೈರ್ ಹೊಂದುತ್ತಾ, ಅದರ ಲೋಡ್ ಇಂಡೆಕ್ಸ್ ಹಳೆಯದಕ್ಕಿಂತ ಕಮ್ಮಿ ಇಲ್ಲ ತಾನೇ ಅಂತ ಕೇಳಿ. ಬದಲಾಯಿಸೋದಾದ್ರೆ ನಾಲ್ಕನ್ನೂ ಬದಲಾಯಿಸಿ.

ಕಾನೂನಿನ ಮಾತೂ ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ತಾಳೆಯಾಗದ ಹಾಗೆ ವಾಹನ ಬದಲಾಯಿಸೋದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತೆ. ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರ್‌ನಲ್ಲೋ ಕಾರಿನ ಪುಸ್ತಕದಲ್ಲೋ ಇರುವ ಅಳತೆಗಳೊಳಗೇ ಆರಿಸಿಕೊಂಡರೆ ತಲೆನೋವಿಲ್ಲ. ಅದನ್ನು ಮೀರೋದಾದ್ರೆ ಮೊದಲೇ ಸರ್ವಿಸ್ ಸೆಂಟರ್ ಮತ್ತು ಇನ್ಶೂರೆನ್ಸಿನವರ ಉತ್ತರ ಬರವಣಿಗೆಯಲ್ಲಿ ತಗೊಳ್ಳಿ.

ದುಡ್ಡು ಖರ್ಚು ಮಾಡೋ ಮುಂಚೆ ಒಂದು ಭಾನುವಾರ ಹೀಗೆ ಮಾಡಿ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಚಕ್ರದ ನಡುವಿನಿಂದ ಮೇಲಿನ ಕಮಾನಿನ ಅಂಚಿನವರೆಗೆ ಟೇಪ್ ಹಿಡಿದು ಅಳೆಯಿರಿ. ಆಮೇಲೆ ಮನೆಯವರನ್ನೆಲ್ಲ ಕೂರಿಸಿ, ಡಿಕ್ಕಿ ತುಂಬಿಸಿ, ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವೇ ನಿಮ್ಮ ಕಾರು ಹಬ್ಬದ ದಿನ ಎಷ್ಟು ಕುಸಿಯುತ್ತೆ ಅನ್ನೋದು. ನಿಮ್ಮೂರ ದಾರಿಯ ಹಂಪಿನ ಎತ್ತರಕ್ಕೆ ಅದನ್ನು ಕೂಡಿಸಿ. ಆ ಮೊತ್ತ ಕಾರಿನ ಕ್ಲಿಯರೆನ್ಸಿನ ಹತ್ತಿರ ಬಂದಿದ್ರೆ ಸ್ಪ್ರಿಂಗಿನ ಆಸೆ ಬಿಟ್ಟು ಟೈರಿನ ಅಂಗಡಿಗೆ ಹೋಗಿ.