ಹಳೆಯ ಅಗ್ಗಿಷ್ಟಿಕೆಯಲ್ಲಿ ವಿದ್ಯುತ್ ಹೀಟರ್: ಚಿಮಣಿಯನ್ನು ಪೂರ್ತಿ ಮುಚ್ಚಿಬಿಡಬಹುದೇ?

ಬ್ರಿಟನ್ನಿನ ವಿಕ್ಟೋರಿಯಾ ಕಾಲದ ಸಾಲುಮನೆಗಳ ಕೋಣೆಗಳಲ್ಲಿ ಸಾಮಾನ್ಯವಾಗಿ ಗೋಡೆಯೊಳಗೊಂದು ಅಗ್ಗಿಷ್ಟಿಕೆ, ಅದರ ಮೇಲೊಂದು ಚಿಮಣಿ ಇರುತ್ತವೆ. ಅಲ್ಲಿ ಕಲ್ಲಿದ್ದಲು ಉರಿಯುತ್ತಿತ್ತು. 1952ರ ಡಿಸೆಂಬರ್‌ನಲ್ಲಿ ಲಂಡನ್ನನ್ನು ಐದು ದಿನ ಕವಿದ ಹೊಗೆಮಂಜಿಗೆ ಸಾವಿರಾರು ಜನ ಬಲಿಯಾದರು. 1956ರಲ್ಲಿ ಶುದ್ಧ ಗಾಳಿ ಕಾಯ್ದೆ ಬಂತು. ಕ್ರಮೇಣ ಕಲ್ಲಿದ್ದಲಿನ ಜಾಗಕ್ಕೆ ಗ್ಯಾಸ್ ಮತ್ತು ವಿದ್ಯುತ್ ಹೀಟರ್‌ಗಳು ಬಂದವು.

ಇಂದು ಅದೇ ಗೂಡಿನಲ್ಲಿ ಕೃತಕ ಜ್ವಾಲೆ ತೋರಿಸುವ ವಿದ್ಯುತ್ ಹೀಟರ್ ಇಡುವವರು ಅನೇಕರು. 'ಹೊಗೆಯೇ ಇಲ್ಲದ ಮೇಲೆ ಚಿಮಣಿ ಯಾಕೆ? ಮುಚ್ಚಿಬಿಡಿ' ಎಂಬ ಸಲಹೆಯೂ ಜೊತೆಗೇ ಬರುತ್ತದೆ. ಇದು ಅರ್ಧ ಸತ್ಯ.

ಜ್ವಾಲೆಯಿಂದ ಶಾಖ ಬರುತ್ತದೆಯೇ?

ಇಲ್ಲ. ನಾವು ನೋಡುವ ಜ್ವಾಲೆ ಎಲ್‌ಇಡಿ ಬೆಳಕಿನ ಆಟ. ಶಾಖ ಬರುವುದು ಒಳಗಿನ ಕಾಯಿಲ್‌ನಿಂದ; ಫ್ಯಾನ್ ಅದನ್ನು ಕೋಣೆಗೆ ತಳ್ಳುತ್ತದೆ. 2000 ವಾಟ್‌ನ ಹೀಟರ್ ಗಂಟೆಗೆ 2 ಯೂನಿಟ್ ವಿದ್ಯುತ್ ಬಳಸುತ್ತದೆ. ಅದರ ಬೆಲೆ ಎಷ್ಟೇ ಇರಲಿ, ಅಷ್ಟೇ ವಾಟ್‌ನ ಸಾದಾ ಹೀಟರ್‌ಗಿಂತ ಹೆಚ್ಚು ಶಾಖ ಕೊಡುವುದಿಲ್ಲ.

ಚಿಮಣಿ ತೆರೆದಿದ್ದರೆ ಏನಾಗುತ್ತದೆ?

ಬಿಸಿ ಗಾಳಿ ಹಗುರ, ಹಾಗಾಗಿ ಮೇಲೇರುತ್ತದೆ. ನಾವು ದುಡ್ಡು ಕೊಟ್ಟು ಬಿಸಿ ಮಾಡಿದ ಗಾಳಿ ಚಿಮಣಿಯ ಮೂಲಕ ಹೊರಹೋಗುತ್ತದೆ, ಬಾಗಿಲ ಸಂದಿಗಳಿಂದ ತಣ್ಣನೆಯ ಗಾಳಿ ಒಳನುಗ್ಗುತ್ತದೆ.

ಪೂರ್ತಿ ಮುಚ್ಚಿದರೆ?

ಇಟ್ಟಿಗೆ ಮಳೆನೀರನ್ನು ಹೀರುತ್ತದೆ. ಚಿಮಣಿಯೊಳಗೆ ಗಾಳಿ ಆಡುತ್ತಿದ್ದರೆ ಆ ತೇವ ಆರುತ್ತದೆ. ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ. ದಶಕಗಳ ಮಸಿಯಲ್ಲಿರುವ ಲವಣಗಳೂ ನೀರನ್ನು ಎಳೆದುಕೊಳ್ಳುತ್ತವೆ. ಕೊನೆಗೆ ಗೋಡೆಯ ಮೇಲೆ ಕಂದು ಕಲೆ ಮೂಡುತ್ತದೆ, ಗಾರೆ ಉದುರುತ್ತದೆ, ಬೂಷ್ಟು ಹಿಡಿಯುತ್ತದೆ. ಬೂಷ್ಟು ಅಸ್ತಮಾ ಇರುವವರಿಗೆ ತೊಂದರೆ ಕೊಡುತ್ತದೆ.

ಸರಿಯಾದ ದಾರಿ ಇವೆರಡರ ನಡುವೆ ಇದೆ. ಮೊದಲು ಚಿಮಣಿಯ ಮಸಿ ತೆಗೆಸಬೇಕು. ಮೇಲ್ತುದಿಗೆ ಮಳೆ ತಡೆದು ಗಾಳಿ ಬಿಡುವ ಟೋಪಿ ಹಾಕಬೇಕು. ಕೆಳಗೆ ಮುಚ್ಚುವ ಹಲಗೆಯಲ್ಲಿ ಸಣ್ಣದೊಂದು ಗಾಳಿಜಾಲರಿ ಬಿಡಬೇಕು.

ಅಳವಡಿಸುವ ಮುನ್ನ

- ಹಳೆಯ ಗ್ಯಾಸ್ ಹೀಟರ್ ಇದ್ದರೆ ನಾವೇ ಕೈ ಹಾಕಬಾರದು. ಬ್ರಿಟನ್ನಿನಲ್ಲಿ ಆ ಕೆಲಸವನ್ನು 'ಗ್ಯಾಸ್ ಸೇಫ್' ನೋಂದಣಿ ಇರುವವರೇ ಮಾಡಬೇಕು.
- ಹಳೆಯ ಹಲಗೆಗಳಲ್ಲಿ ಕಲ್ನಾರು ಇರಬಹುದು. ಅಲ್ಲಿ ಅದರ ಬಳಕೆ ಪೂರ್ತಿ ನಿಷೇಧವಾದದ್ದು 1999ರಲ್ಲಿ. ಅನುಮಾನವಿದ್ದರೆ ಒಡೆಯದೆ ಪರೀಕ್ಷೆ ಮಾಡಿಸಬೇಕು.
- ಹೀಟರ್‌ನ ಸುತ್ತ ಎಷ್ಟು ಜಾಗ ಬಿಡಬೇಕೆಂದು ಅದರ ಕೈಪಿಡಿಯಲ್ಲಿ ನೋಡಬೇಕು. ಗಾಳಿ ಹೋಗುವ ಕಿಂಡಿ ಮುಚ್ಚಿದರೆ ಹೀಟರ್ ಅತಿಯಾಗಿ ಕಾಯುತ್ತದೆ.
- ಎಕ್ಸ್‌ಟೆನ್ಷನ್ ವೈರ್ ಬೇಡ. ಸುತ್ತಿಟ್ಟ ವೈರ್ ಕಾದು ಕರಗಿ ಬೆಂಕಿ ಹತ್ತಬಹುದು.

ನಮ್ಮ ಮಲೆನಾಡಿನಲ್ಲಿ

ಕೊಡಗು, ಚಿಕ್ಕಮಗಳೂರಿನ ಹಳೆಯ ಕಾಫಿ ತೋಟದ ಬಂಗಲೆಗಳಲ್ಲೂ ಇಂಥ ಅಗ್ಗಿಷ್ಟಿಕೆಗಳಿವೆ. ಅಲ್ಲಿನ ಮಳೆಗಾಲದಲ್ಲಿ ತೇವದ ಕಾಟ ಇನ್ನೂ ಹೆಚ್ಚು. ಜೊತೆಗೆ ಪ್ಲಗ್ ಪಾಯಿಂಟಿನ ಪ್ರಶ್ನೆಯೂ ಇದೆ. 230 ವೋಲ್ಟ್‌ನಲ್ಲಿ 2000 ವಾಟ್‌ನ ಹೀಟರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಬ್ರಿಟನ್ನಿನ 13 ಆಂಪಿಯರ್ ಪ್ಲಗ್ ಇದನ್ನು ತಡೆಯುತ್ತದೆ. ನಮ್ಮ 6 ಆಂಪಿಯರ್ ಪಾಯಿಂಟ್ ತಡೆಯುವುದಿಲ್ಲ. ಅರ್ತಿಂಗ್ ಇರುವ 16 ಆಂಪಿಯರ್ ಪಾಯಿಂಟ್ ಬೇಕೇ ಬೇಕು.

ಮರೆಯಬಾರದ ಮಾತು

ವಿದ್ಯುತ್ ಹೀಟರ್‌ನಿಂದ ಕಾರ್ಬನ್ ಮಾನಾಕ್ಸೈಡ್ ಹೊಮ್ಮುವುದಿಲ್ಲ. ಆದರೆ ಮುಂದೆ ಆ ಮನೆಗೆ ಬಂದವರು ಹೀಟರ್ ತೆಗೆದು ಸೌದೆ ಹೊತ್ತಿಸಬಹುದು. ಚಿಮಣಿ ಮುಚ್ಚಿದೆ ಎಂದು ಅವರಿಗೆ ತಿಳಿದಿರುವುದಿಲ್ಲ. ಬಣ್ಣವೂ ವಾಸನೆಯೂ ಇಲ್ಲದ ಆ ವಿಷಾನಿಲ ಮಲಗಿದವರನ್ನು ನಿದ್ದೆಯಲ್ಲೇ ಕೊಲ್ಲಬಲ್ಲದು. ಆದ್ದರಿಂದ ಚಿಮಣಿ ಮುಚ್ಚಿದ ದಿನವೇ 'ಇಲ್ಲಿ ಬೆಂಕಿ ಹೊತ್ತಿಸಬೇಡಿ' ಎಂದು ಬರೆದು ಗೂಡಿನೊಳಗೆ ಅಂಟಿಸಿಡೋಣ.