ಚಳಿಗೆ ‘ಚಿಲ್ಲಿ’ ಅಂದರೆ ಯಾರಿಗೆ ಏನು ಗೊತ್ತಾಗುತ್ತೆ?

ಮಾಗಿ ಬಂತೆಂದರೆ ವಾಟ್ಸಾಪ್ ಸ್ಟೇಟಸ್ಸು, ಲೋಕಲ್ ನ್ಯೂಸ್ ಪೇಜು, ಟಿವಿ ಎಲ್ಲ ಕಡೆ ಒಂದೇ ಪದ: ‘ಚಿಲ್ಲಿ ವೆದರ್’. ಕನ್ನಡ ಅಕ್ಷರದಲ್ಲಿ ಹೀಗೆ ಬರೆದರೆ ಅದು ಚಳಿಯೋ, ಗೋಬಿ ಗಾಡಿಯ ಚಿಲ್ಲಿಯೋ ಗೊತ್ತಾಗುವುದಿಲ್ಲ.

ಇಂಗ್ಲಿಷಿನಲ್ಲಿ ಇವೆರಡೂ ಬೇರೆ ಬೇರೆ ಪದ. ಮೆಣಸಿನಕಾಯಿಯ ಚಿಲ್ಲಿ ಮೆಕ್ಸಿಕೋದ ಮೂಲನಿವಾಸಿಗಳ ಭಾಷೆಯಿಂದ ಬಂದದ್ದು. ಚಳಿಯ ಚಿಲ್ಲಿ ಇಂಗ್ಲಿಷಿನದೇ ಹಳೆಯ ಪದ, ‘ಕೋಲ್ಡ್’ನ ನೆಂಟ. ನಮ್ಮ ‘ಚಳಿ’ ಹಾಗೇ ಕೇಳಿಸಿದರೂ ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇನ್ನು ಅರ್ಥ. ಇಂಗ್ಲಿಷಿನವರು ‘ಕೂಲ್’ ಅಂದರೆ ಹಿತವಾದ ತಂಪು. ‘ಚಿಲ್ಲಿ’ ಅಂದರೆ ಸ್ವೆಟರ್ ಬೇಕು ಅನ್ನಿಸುವಷ್ಟು, ಸ್ವಲ್ಪ ಕಿರಿಕಿರಿ ಮಾಡುವ ಚಳಿ. ‘ಕೋಲ್ಡ್’ ಅದಕ್ಕೂ ಜಾಸ್ತಿ. ‘ಫ್ರೀಜಿಂಗ್’ ಅಂದರೆ ನೀರು ಹೆಪ್ಪುಗಟ್ಟುವಂಥದ್ದು. ನಮ್ಮ ಪೇಜುಗಳಲ್ಲಿ ಇದೆಲ್ಲಕ್ಕೂ ಚಿಲ್ಲಿಯೇ. ಎಂಜಾಯ್ ಮಾಡಿ ಅನ್ನುವ ಧಾಟಿಯಲ್ಲಿ ಒಂದು ಕಾಫಿ ಲೋಟದ ಫೋಟೊ ಬೇರೆ.

ಈ ಚಳಿಯಲ್ಲಿ ಎಂಜಾಯ್ ಮಾಡುವವರು ಯಾರು? ಬೆಳಗ್ಗೆ ಆರಕ್ಕೇ ಡೇರಿಗೆ ಹಾಲು ಹಾಕಲು ಕ್ಯಾನು ಹಿಡಿದು ಹೊರಟವರಲ್ಲ. ಬಳ್ಳಾರಿ ಕಡೆಯಿಂದ ಕಬ್ಬು ಕಡಿಯಲು ಬಂದು, ಗದ್ದೆ ಬದಿಯಲ್ಲಿ ಟಾರ್ಪಾಲು ಕಟ್ಟಿಕೊಂಡು ಕೂಸುಮಕ್ಕಳ ಜೊತೆ ಮಲಗುವವರಲ್ಲ. ರಥಸಪ್ತಮಿ ಆಸುಪಾಸಿನಲ್ಲಿ ಹೇಮಗಿರಿ ದನಗಳ ಜಾತ್ರೆಗೆ ಜೋಡೆತ್ತು ಹೊಡೆದುಕೊಂಡು ಬಂದು, ಹೇಮಾವತಿ ದಡದ ಬಯಲಲ್ಲಿ ರಾತ್ರಿ ಕಳೆಯುವ ರೈತರೂ ಅಲ್ಲ.

ಚಳಿ ನಮಗೆ ಕೆಲಸದ ವಿಷಯ. ರೇಷ್ಮೆ ಹುಳುವಿಗೆ ವಯಸ್ಸಿಗೆ ತಕ್ಕಂತೆ 24ರಿಂದ 28 ಡಿಗ್ರಿ ಬಿಸಿ ಬೇಕು. ಅದಕ್ಕಿಂತ ಇಳಿದರೆ ಹುಳು ಸೊಪ್ಪು ತಿನ್ನುವುದು ಕಮ್ಮಿ, ಜ್ವರದಿಂದ ಏಳುವುದು ತಡ, ಗೂಡು ಕಟ್ಟುವುದೂ ತಡ. ಬೇಸಿಗೆ ಭತ್ತದ ಒಟ್ಟಲು ಚಳಿಗೆ ಹಳದಿ ತಿರುಗುತ್ತದೆ. ಹುಳುಮನೆಗೆ ಶಾಖ ಕೊಡಬೇಕೋ, ಒಟ್ಟಲು ಬಿಡಲು ಒಂದು ವಾರ ಕಾಯಬೇಕೋ ಅನ್ನುವುದಕ್ಕೆ ‘ಚಿಲ್ಲಿ’ ಉತ್ತರ ಕೊಡುವುದಿಲ್ಲ. ಎಷ್ಟು ಡಿಗ್ರಿ, ಎಷ್ಟು ದಿನ ಅನ್ನುವುದು ಕೊಡುತ್ತದೆ.

ಇಂಗ್ಲಿಷ್ ಪದ ಬೇಡವೇ ಬೇಡ ಅನ್ನುವ ವಾದ ನನ್ನದಲ್ಲ. ಬಸ್ಸು, ಡೇರಿ, ಮೋಟರು ನಮ್ಮವೇ ಆಗಿವೆ. ಆದರೆ ಚಳಿಯ ವಿಷಯದಲ್ಲಿ ನಮಗೆ ಪದದ ಬರವಿಲ್ಲ. ತಂಪು, ಥಂಡಿ, ಚುಮುಚುಮು ಚಳಿ, ಕೊರೆಯುವ ಚಳಿ, ಗಡಗಡ ನಡುಗಿಸುವ ಚಳಿ ಎಲ್ಲವೂ ಬೇರೆ ಬೇರೆ. ಇಬ್ಬನಿ ಬಿದ್ದರೆ ಅವರೆಕಾಯಿಗೆ ಸೊಗಡು ಅನ್ನುತ್ತೇವೆ. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಹೋಗುತ್ತೆ ಅಂತ ಚಳಿ ಮುಗಿಯುವ ದಿನವನ್ನೂ ಹೇಳಿಕೊಂಡಿದ್ದೇವೆ.

ಹಾಗಂತ ಕನ್ನಡ ಪದವನ್ನೂ ಮನಬಂದಂತೆ ಬಳಸುವಂತಿಲ್ಲ. ರಾತ್ರಿ 16 ಡಿಗ್ರಿ ಇದ್ದಾಗಲೇ ‘ಮೈ ಕೊರೆಯುವ ಚಳಿ, ಜನ ತತ್ತರ’ ಅಂತ ಹೆಡ್ಡಿಂಗ್ ಕೊಟ್ಟರೆ, 9 ಡಿಗ್ರಿಗೆ ಇಳಿದ ದಿನ ಹೇಳಲು ಏನು ಉಳಿಯುತ್ತದೆ? ಬೆಂಗಳೂರಿನಲ್ಲಿ 1884ರ ಜನವರಿ 13ರಂದು 7.8 ಡಿಗ್ರಿ ದಾಖಲಾಗಿತ್ತು. ಕೊರೆಯುವ ಚಳಿ ಅಂದರೆ ಅದು.

‘ಶೀತಗಾಳಿ’ ಅನ್ನುವ ಪದದಲ್ಲಂತೂ ಇನ್ನೂ ಹುಷಾರಾಗಿರಬೇಕು. ಅದು ಹವಾಮಾನ ಇಲಾಖೆ ಅಳತೆ ಮಾಡಿ ಹೇಳುವ ಮಾತು. ಬಯಲುಸೀಮೆಯಲ್ಲಿ ಕನಿಷ್ಠ ತಾಪಮಾನ 10 ಡಿಗ್ರಿ ಅಥವಾ ಅದಕ್ಕೂ ಕೆಳಗೆ ಇಳಿದು, ಮಾಮೂಲಿಗಿಂತ 4.5 ಡಿಗ್ರಿಯಾದರೂ ಕಮ್ಮಿ ಇರಬೇಕು. 6.4 ಡಿಗ್ರಿಗಿಂತಲೂ ಹೆಚ್ಚು ಕಮ್ಮಿಯಾದರೆ ತೀವ್ರ ಶೀತಗಾಳಿ. ನಮ್ಮ ರಾಜ್ಯದಲ್ಲಿ ಈ ಎಚ್ಚರಿಕೆ ಹೆಚ್ಚಾಗಿ ಬರುವುದು ಬೀದರ್, ಕಲಬುರಗಿ, ವಿಜಯಪುರದ ಕಡೆ. ಬೆಳಗಿನ ಮಂಜಿನ ಫೋಟೊ ಹಾಕಿ ‘ಕೆ.ಆರ್. ಪೇಟೆಯಲ್ಲಿ ಶೀತಗಾಳಿ’ ಅಂತ ಬರೆದರೆ, ನಿಜವಾದ ಎಚ್ಚರಿಕೆ ಬಂದ ದಿನ ಯಾರೂ ನಂಬುವುದಿಲ್ಲ.

ಪದ ಸರಿಯಾಗಿದ್ದರೆ ಜೀವವೂ ಉಳಿಯುತ್ತದೆ. ಚಳಿ ಜಾಸ್ತಿ ಅಂತ ಕಿಟಕಿ ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇದ್ದಿಲು ಉರಿಸಿ ಮಲಗಿದರೆ ವಿಷಾನಿಲ ತುಂಬಿ ಪ್ರಾಣವೇ ಹೋಗಬಹುದು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಚಳಿಯ ಸುದ್ದಿಯಲ್ಲಿ ಕಾಫಿ ಲೋಟದ ಜಾಗದಲ್ಲಿ ಈ ಒಂದು ಸಾಲು ಇರಬೇಕಿತ್ತು.

ಆದ್ದರಿಂದ ನಮ್ಮ ತಾಲ್ಲೂಕುಗಳ ಸುದ್ದಿ ಬರೆಯುವ ಗೆಳೆಯರಲ್ಲಿ ಒಂದು ಮಾತು. ಡಿಗ್ರಿ ಬರೆಯಿರಿ. ಮಾಮೂಲಿಗಿಂತ ಎಷ್ಟು ಕಮ್ಮಿ ಅಂತ ಬರೆಯಿರಿ. ಯಾರು ಏನು ಮಾಡಬೇಕು ಅಂತ ಬರೆಯಿರಿ. ಓದುವವರೂ ‘ಚಿಲ್ಲಿ ವೆದರ್’ ಅಂತ ಬಂದರೆ ಕಾಮೆಂಟಿನಲ್ಲಿ ಕೇಳಿ: ‘ಎಷ್ಟು ಡಿಗ್ರಿ ಸ್ವಾಮಿ?’