‘ವಯಸ್ಸಾತು’ ಅನ್ನೋದು ಕಾಯಿಲೆಯ ಹೆಸರಲ್ಲ!

ಈ ವಾರ ಈ ಪುಟದಲ್ಲಿ ಮುಹೂರ್ತದ ಸುದ್ದಿ ಇಲ್ಲ, ನಾಯಕ-ನಾಯಕಿಯರ ಮುನಿಸಿನ ಸುದ್ದಿಯೂ ಇಲ್ಲ. ಅವೆಲ್ಲ ಹಿಂದುಮುಂದಿನ ಪುಟಗಳಲ್ಲಿ ಬೇಕಾದಷ್ಟಿವೆ, ಓದಿಕೊಳ್ಳಿ. ಈ ಒಂದು ಪುಟ ನಿಮ್ಮ ಮನೆಯ ಅವ್ವನಿಗೆ, ಅಪ್ಪನಿಗೆ, ಬಸ್ಸಿನಲ್ಲಿ ನಿಮ್ಮ ಪಕ್ಕ ಕೂತ ಹಿರಿಯರಿಗೆ. ಅವರಿಗೆ ಓದಲು ಬಾರದಿದ್ದರೆ ನೀವೇ ಓದಿ ಹೇಳಿ. ಪುಣ್ಯ ಬರುತ್ತೆ!

ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಅರ್ಧ ತಾಸು ಸುಮ್ಮನೆ ಕೂತು ಕಿವಿ ಕೊಡಿ. ಒಂದೇ ಡೈಲಾಗು ಹತ್ತು ಬಾಯಲ್ಲಿ ಕೇಳುತ್ತೆ. “ಮೊಣಕಾಲು ಹಿಡಕೊಂಡಾವ.” “ಏನ್ ಮಾಡೋದು, ವಯಸ್ಸಾತು.” “ಕಣ್ಣು ಮಂಜು ಆಗ್ಯಾವ.” “ವಯಸ್ಸಾತು.” “ರಾತ್ರಿ ನಿದ್ದಿನೇ ಹತ್ತವಲ್ದು.” “ವಯಸ್ಸಾತಲ್ಲೇನಪಾ!” ಎಲ್ಲ ರೋಗಕ್ಕೂ ನಮ್ಮ ಕಡೆ ಇದೊಂದೇ ಚೀಟಿ. ಡಾಕ್ಟರು ಬರೆದ ಚೀಟಿ ಅಲ್ಲ, ನಮಗೆ ನಾವೇ ಬರೆದುಕೊಂಡದ್ದು.

ಈ ಚೀಟಿಗೆ ಉತ್ತರ ಬೇರೆಲ್ಲೂ ಹುಡುಕಬೇಕಾಗಿಲ್ಲ, ನಮ್ಮ ಮಾನ್ವಿಯಲ್ಲೇ ಇದೆ. ಮಾನ್ವಿಯ ಜಗನ್ನಾಥದಾಸರ ಕಥೆ ನಿಮಗೆ ಗೊತ್ತಿರುತ್ತೆ. ಅವರ ಮೇಲೆ ಸಿನಿಮಾ ಕೂಡ ಬಂತು. ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ 1728ರಲ್ಲಿ ಹುಟ್ಟಿದವರು. ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರನ್ನು ಹಗುರವಾಗಿ ಕಂಡರಂತೆ. ಆಮೇಲೆ ಹೊಟ್ಟೆಶೂಲೆ ಹತ್ತಿತು, ಆಯುಷ್ಯವೇ ಮುಗಿಯುವ ಹಂತಕ್ಕೆ ಬಂತು. ಆಗ ವಿಜಯದಾಸರ ಮಾತಿನಂತೆ ಶಿಷ್ಯ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷ ತೆಗೆದು ಇವರಿಗೆ ಕೊಟ್ಟರು ಅನ್ನುವುದು ದಾಸ ಪರಂಪರೆಯ ಕಥೆ. ಗೋಪಾಲದಾಸರ ಹುಟ್ಟೂರು ಮೊಸರಕಲ್ಲು, ಅಂದರೆ ನಮ್ಮ ದೇವದುರ್ಗದ ಕಡೆಯವರು. ದೇವದುರ್ಗದವರು ಕೊಟ್ಟ ವರ್ಷಗಳನ್ನು ಮಾನ್ವಿಯವರು ಬಾಳಿದರು!

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಬಿಟ್ಟಿ ಬಂದ 40 ವರ್ಷದಲ್ಲಿ ಅವರು ಮಾಡಿದ್ದೇನು? “ನಮ್ದು ಮುಗೀತು” ಅಂತ ಕಟ್ಟೆಯ ಮೇಲೆ ಕೂಡಲಿಲ್ಲ. ಹಗುರವಾಗಿ ಕಂಡಿದ್ದ ಅದೇ ಕನ್ನಡದಲ್ಲಿ, ಭಾಮಿನಿ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ ಬರೆದರು. 1809ರವರೆಗೆ, 80 ದಾಟುವವರೆಗೆ ಬಾಳಿದರು. ಅವರ ದೊಡ್ಡ ಕೆಲಸವೆಲ್ಲ ಆ ಎರಡನೇ ಭಾಗದಲ್ಲೇ. ಇಂಟರ್ವಲ್ ಆದ ಮೇಲೆಯೇ ಅಸಲಿ ಪಿಕ್ಚರ್!

ಈಗ ಒಂದು ಲೆಕ್ಕ ಹೇಳ್ತೀನಿ. ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಈಗ ಸುಮಾರು 70. ನಡುವೆ ಎಷ್ಟಾಯ್ತು? ಹತ್ತಿರ ಹತ್ತಿರ 40 ವರ್ಷ! ಗೋಪಾಲದಾಸರು ಒಬ್ಬರಿಗೆ ಕೊಟ್ಟದ್ದನ್ನು ದೇಶಕ್ಕೆಲ್ಲ ಕೊಟ್ಟವರು ಯಾರು? ಲಸಿಕೆ ಹಾಕಿದ ನರ್ಸಮ್ಮ, ಊರೂರು ತಿರುಗಿ ಸಿಡುಬು ಓಡಿಸಿದ ಆರೋಗ್ಯ ಇಲಾಖೆಯ ನೌಕರ, ಹೆರಿಗೆ ಆಸ್ಪತ್ರೆ, ನಲ್ಲಿ ನೀರು. ಹೌದು, ಈ ಲೆಕ್ಕದಲ್ಲಿ ದೊಡ್ಡ ಪಾಲು ಹಸುಗೂಸುಗಳು ಸಾಯುವುದು ಕಡಿಮೆ ಆದದ್ದರಿಂದ ಬಂತು. ಆದರೆ 60 ಮುಟ್ಟಿದವರಿಗೂ ಪಾಲು ಸಿಕ್ಕಿದೆ. ಇವತ್ತು 60 ತುಂಬಿದವರ ಮುಂದೆ ಸರಾಸರಿ ಇನ್ನೂ ಸುಮಾರು 18 ವರ್ಷ ಇದೆ. ಹದಿನೆಂಟು ವರ್ಷ ಅಂದರೆ ತೊಟ್ಟಿಲ ಕೂಸು ಓಟು ಹಾಕುವಷ್ಟು ಕಾಲ. ಅಷ್ಟನ್ನೂ “ವಯಸ್ಸಾತು” ಅಂತ ಒಂದೇ ಮಾತಿನಲ್ಲಿ ಮಡಚಿ ಇಡೋದಾ?

*

ಮೊದಲು ಕಣ್ಣು. ಸಿನಿಮಾ ಪತ್ರಿಕೆ ಅಲ್ವಾ, ಕಣ್ಣಿಲ್ಲದೆ ನಮಗೇನು ಕೆಲಸ! ಪೊರೆ ಬಂದರೆ “ಹಣ್ಣಾಗಲಿ, ಆಮೇಲೆ ತೆಗೆಸೋಣ” ಅನ್ನುವುದು ಹಳೇ ಕಾಲದ ಮಾತು. ಈಗ ಕಾಯಬೇಕಾಗಿಲ್ಲ. ದಿನದ ಕೆಲಸಕ್ಕೆ ತೊಂದರೆ ಆಗ್ತಿದೆ ಅಂದರೆ ತೋರಿಸಬೇಕು. ಆಪರೇಷನ್ನು ಅರ್ಧ ತಾಸಿನೊಳಗಿನದು, ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಅಂಧತ್ವ ತಡೆಯಲೆಂದು 1976ರಿಂದ ರಾಷ್ಟ್ರೀಯ ಕಾರ್ಯಕ್ರಮವೇ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಮಾಡ್ತಾರೆ.

ಎರಡನೆಯದು ಮೊಣಕಾಲು, ಸೊಂಟ. ನಮ್ಮ ಜಿಲ್ಲೆಯವರು ಇದನ್ನು ವಯಸ್ಸಿನ ತಲೆಗೆ ಕಟ್ಟುವ ಮೊದಲು ಕುಡಿಯುವ ನೀರು ನೋಡಬೇಕು. ರಾಯಚೂರು ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ನಿಯಮ. ವರ್ಷಗಟ್ಟಲೆ ಅದನ್ನೇ ಕುಡಿದರೆ ಹಲ್ಲು ಕಂದುತ್ತೆ, ಆಮೇಲೆ ಕೀಲು ಬಿಗಿಯುತ್ತೆ, ಬೆನ್ನು ಬಾಗುತ್ತೆ. ಹೊರಗೆ ನೋಡುವವರಿಗೆ ಸಂಧಿವಾತದ ಹಾಗೇ ಕಾಣುತ್ತೆ. ಇನ್ನೊಂದು ಮಾತು, ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಇಂಗಿದಷ್ಟೂ ಗಟ್ಟಿಯಾಗುತ್ತೆ. ಶುದ್ಧ ನೀರಿನ ಘಟಕದ ನೀರನ್ನೇ ಕುಡಿಯಲು, ಅಡುಗೆಗೆ ಬಳಸಿ. ಮತ್ತೆ ದೇವದುರ್ಗದ ಕಡೆಯಿಂದ ಕೂಲಿಗೆ ಹೋಗಿ ಬರುವ ಹಿರಿಯರು ಮೆಡಿಕಲ್ ಶಾಪಿನಲ್ಲಿ “ಮೈಕೈ ನೋವಿನ ಗುಳಿಗಿ ಕೊಡ್ರಿ” ಅಂತ ದಿನಾ ನುಂಗೋದು ನೋಡಿದ್ದೀನಿ. ಆ ಗುಳಿಗೆ ದಿನಾ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಏಟು. ನೋವು ಅಡಗಿದಂತೆ ಇರುತ್ತೆ, ಒಳಗೆ ವಿಲನ್ ಕೆಲಸ ಮಾಡ್ತಾ ಇರ್ತಾನೆ.

ಮೂರನೆಯದು ಬಿ.ಪಿ., ಶುಗರು. ಇವೆರಡೂ ಸದ್ದಿಲ್ಲದೆ ಬರುವ ಪಾತ್ರಗಳು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 30 ದಾಟಿದ ಎಲ್ಲರಿಗೂ ತಪಾಸಣೆ ಉಚಿತ. ಉಪ್ಪು ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಚಹಾ ಚಮಚೆಯೊಳಗೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಹಪ್ಪಳ, ಸಂಡಿಗೆಯೂ ಆ ಲೆಕ್ಕದಲ್ಲೇ ಬಂತು. ಉಪ್ಪಿನಕಾಯಿಯನ್ನು ‘ಭೂತಯ್ಯನ ಮಗ ಅಯ್ಯು’ವಿನ ಲೋಕನಾಥರಿಗೆ ಬಿಟ್ಟುಬಿಡಿ!

ಇನ್ನು ಮರೆವು. ಚಷ್ಮಾ ಎಲ್ಲಿಟ್ಟೆ ಅಂತ ಹುಡುಕೋದು ಎಲ್ಲರಿಗೂ ಇದ್ದದ್ದೇ. ಆದರೆ ಹುಟ್ಟಿ ಬೆಳೆದ ಓಣಿಯಲ್ಲೇ ದಾರಿ ತಪ್ಪಿದರೆ ಅದು ವಯಸ್ಸಲ್ಲ, ಮಿದುಳಿನ ಕಾಯಿಲೆ. 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತನಾಗ್ ಅದನ್ನೇ ಕಣ್ಣಿಗೆ ಕಟ್ಟುವಂತೆ ತೋರಿಸಿದರು. ಥಿಯೇಟರಿನಲ್ಲಿ ಕಣ್ಣೀರು ಹಾಕಿದ ನಾವು ಮನೆಯಲ್ಲಿ ಮಾತ್ರ “ಅಜ್ಜಗ ಅರಳುಮರಳು” ಅಂತ ನಗ್ತೀವಿ.

*

“ಅದೆಲ್ಲ ಸರಿ, ಈ ವಯಸ್ಸಿನಲ್ಲಿ ಹೊಸದು ಏನು ಕಲಿಯೋಕಾಗುತ್ತೆ?” ಅಂತ ಕೇಳ್ತೀರಿ. ಬನ್ನಿ, ಗಾಂಧಿನಗರಕ್ಕೇ ಹೋಗಿ ಬರೋಣ.

ಅಣ್ಣಾವ್ರು ಯೋಗ ಕಲಿತದ್ದು ಹುಡುಗರಾಗಿದ್ದಾಗ ಅಲ್ಲ, 50ರ ಹತ್ತಿರ ಬಂದಾಗ. 1983ರ ‘ಕಾಮನಬಿಲ್ಲು’ ಚಿತ್ರದಲ್ಲಿ ಅವರ ಆಸನಗಳನ್ನು ನೋಡಿ ಹುಡುಗರು ಬೆರಗಾದರು. 2000ದಲ್ಲಿ, 71ನೇ ವಯಸ್ಸಿನಲ್ಲಿ, 108 ದಿನ ಕಾಡಿನಲ್ಲಿ ಸೆರೆಯಾಗಿದ್ದು ತಿರುಗಿ ಬಂದರು. ಯೋಗ ಮಾಡಿದವರಿಗೆ ನೋವೇ ಬರಲ್ಲ ಅಂತ ನಾನು ಹೇಳ್ತಿಲ್ಲ, ಅವರಿಗೂ ಮೊಣಕಾಲು ನೋವು ಇತ್ತು. ಆದರೂ ಅವರು “ವಯಸ್ಸಾತು” ಅಂತ ಚಾಪೆ ಸುತ್ತಿ ಇಡಲಿಲ್ಲ. 2006ರ ಏಪ್ರಿಲ್ 12ರಂದು ಹೋಗುವಾಗಲೂ ಕಣ್ಣು ಕೊಟ್ಟು ಹೋದರು. 76 ವರ್ಷದ ಕಣ್ಣು ಇನ್ನೊಬ್ಬರಿಗೆ ಬೆಳಕಾಯಿತು ಅಂದಮೇಲೆ ವಯಸ್ಸಾದ ಕಣ್ಣು ಯಾರಿಗೆ ಬೇಕು ಅನ್ನುವ ಮಾತೇ ಇಲ್ಲ.

ಲೋಕನಾಥ್ ‘ಸಂಸ್ಕಾರ’ (1970) ಮೂಲಕ ತೆರೆಗೆ ಬಂದಾಗ ಅವರಿಗೆ 40 ದಾಟಿತ್ತು. 2018ರ ಡಿಸೆಂಬರ್ 31ರಂದು ತೀರಿಕೊಂಡಾಗ 90 ದಾಟಿತ್ತು. ‘ತಿಥಿ’ಯ ಗಡ್ಡಪ್ಪ, ಸೆಂಚುರಿ ಗೌಡರಂತೂ ಮಂಡ್ಯ ಕಡೆಯ ಹಳ್ಳಿಯ ಹಿರಿಯರು, ಕ್ಯಾಮೆರಾ ಮುಂದೆ ನಿಂತವರೇ ಅಲ್ಲ. 2015ರಲ್ಲಿ ಆ ಚಿತ್ರ ಸ್ವಿಟ್ಜರ್‌ಲ್ಯಾಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಹೊಡೀತು. ಲೀಲಾವತಿಯಮ್ಮ 80 ದಾಟಿದ ಮೇಲೆ ತಾವಿದ್ದ ಸೋಲದೇವನಹಳ್ಳಿಯ ಜನಕ್ಕೆ ಆಸ್ಪತ್ರೆ ಕಟ್ಟಿಸಿದರು, ಆಮೇಲೆ ದನಕರುಗಳಿಗೂ ಒಂದು ಆಸ್ಪತ್ರೆ. 2023ರ ನವೆಂಬರಿನಲ್ಲಿ ಪಶು ಆಸ್ಪತ್ರೆ ಉದ್ಘಾಟನೆ ಆಯ್ತು, ಡಿಸೆಂಬರ್ 8ಕ್ಕೆ ಅವರು ಕಣ್ಣು ಮುಚ್ಚಿದರು. ಕೊನೆಯ ರೀಲಿನವರೆಗೂ ಕೆಲಸ!

“ಅವರೆಲ್ಲ ದೊಡ್ಡವರು ಬಿಡ್ರಿ” ಅಂತೀರಾ? ಹಾಗಾದರೆ ದೊಡ್ಡವರಲ್ಲದ ಒಬ್ಬರ ಕಥೆ ಕೇಳಿ. ಮಾನ್ವಿ ಕಡೆಯ ಹಳ್ಳಿಯ ಒಬ್ಬ ಅವ್ವ. 60 ದಾಟಿದೆ. ಹೊಲದ ಕೆಲಸ, ಮನೆ, ಮೊಮ್ಮಕ್ಕಳು, ಇಷ್ಟೇ ಪ್ರಪಂಚ. 2023ರ ಜೂನ್ 11ಕ್ಕೆ ‘ಶಕ್ತಿ’ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ ಆದ ಮೇಲೆ ಮೊದಲ ಸಲ ಒಬ್ಬರೇ ರಾಯಚೂರಿಗೆ ಬಂದರು. ಕಣ್ಣು ತೋರಿಸಿದರು, ಪೊರೆ ತೆಗೆಸಿಕೊಂಡರು. ಬಸ್ ಸ್ಟ್ಯಾಂಡಿನಲ್ಲಿ ಪರಿಚಯ ಆದಾಗ ನನಗೆ ಹೇಳಿದ ಮಾತು ಇದು:

“ಕಣ್ಣು ಬಂತಪಾ ತಮ್ಮಾ, ಬಸ್ಸಿನ ಬೋರ್ಡು ನಿಚ್ಚಳ ಕಾಣ್ಲಿಕತ್ತು. ಆದ್ರ ಅದರಾಗ ಏನ್ ಬರ್ದಾರ ಅಂತ ಗೊತ್ತಾಗಬೇಕಲ್ಲ! ಯಾರೋ ಕೈ ತೋರ್ಸಿದ್ರಂತ ಹತ್ತಿ ಕುಂತೆ, ದೇವದುರ್ಗಕ್ಕ ಒಯ್ದು ಇಳಿಸಿದ. ಹೊತ್ತು ಮುಣುಗಿತ್ತು. ಆವತ್ತು ಕುಂತು ಅತ್ತೀನಿ.”

ಅತ್ತು ಸುಮ್ಮನಾಗಲಿಲ್ಲ. ನಾಲ್ಕನೇ ಕ್ಲಾಸಿನ ಮೊಮ್ಮಗಳನ್ನು ಹಿಡಿದು ಕೂರಿಸಿಕೊಂಡರು. ಪುಸ್ತಕ ಯಾವುದು ಗೊತ್ತಾ? ಮನೆಯಲ್ಲಿ ಬಿದ್ದಿದ್ದ ಸಿನಿಮಾ ಪತ್ರಿಕೆಗಳು! ಫೋಟೋ ಕಂಡರೆ ಹೆಸರು ಗೊತ್ತು, ಹೆಸರು ಗೊತ್ತಿದ್ದರೆ ಅಕ್ಷರ ಗುರುತು ಹಿಡಿಯಬಹುದು. ರಾಜಕುಮಾರರ ‘ರಾ’, ಅದೇ ರಾಯಚೂರಿನ ‘ರಾ’. ಮಾಲಾಶ್ರೀಯ ‘ಮಾ’, ಅದೇ ಮಾನ್ವಿಯ ‘ಮಾ’. ದೇವರಾಜರ ‘ದೇ’, “ಅದು ದೇವದುರ್ಗ, ಅದನ್ನ ಹತ್ತಬಾರದು!” ಅಂತ ನಕ್ಕರು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯಲ್ಲಿ ಅಕ್ಷರ ಬಲ್ಲ ಹೆಂಗಸರು ಅರ್ಧಕ್ಕಿಂತ ಕಡಿಮೆ ಇದ್ದರು. ಆ ಲೆಕ್ಕದಿಂದ ಇವರು ತಮ್ಮ ಹೆಸರನ್ನು ತಾವೇ ತೆಗೆದುಕೊಂಡರು.

“ಓಣ್ಯಾಗಿನವ್ರು ನಗ್ತಾರ, ಈಗ ಕಲ್ತು ಏನ್ ಮಾಸ್ತರ್ತಿ ಆಗ್ತೀಯೇನು ಅಂತ. ನನಗ್ಯಾಕ ಬೇಕಪಾ ಮಾಸ್ತರ್ಕಿ? ನನ್ನ ಬಸ್ಸು ನಾನೇ ಹತ್ತಿದ್ರ ಸಾಕು. ನೀ ಎಷ್ಟ್ ಓದೀದಿ ತಮ್ಮಾ?”

“ಪಿಯುಸಿ ಅರ್ಧಕ್ಕ ಬಿಟ್ಟೀನಿ ಅವ್ವಾ.”

“ಹಂಗಾರ ನಿನಗಿನ್ನಾ ಟೈಮ್ ಭಾಳ ಅದ ಬಿಡು!”

*

ಕಡೆಯದಾಗಿ ಮಕ್ಕಳಿಗೆ ಒಂದು ಮಾತು. 1958ರಲ್ಲೇ ಬಿ.ಆರ್. ಪಂತುಲು ಅವರ ‘ಸ್ಕೂಲ್ ಮಾಸ್ಟರ್’ ಬಂತು. ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿಯನ್ನು ಗಂಡುಮಕ್ಕಳು ಹಂಚಿಕೊಂಡು ಅಗಲಿಸುವ ಕಥೆ. ಇಷ್ಟು ವರ್ಷ ಆದರೂ ಆ ಕಥೆ ಹಳೆಯದಾಗಲಿಲ್ಲ, ನಾಚಿಕೆಗೇಡು. ಹಿರಿಯರಿಗೆ ಗುಳಿಗೆ ತಂದುಕೊಟ್ಟರೆ ಮುಗೀಲಿಲ್ಲ, ಮಾತಾಡಿಸಬೇಕು. ಊಟ ಸೇರದೆ, ನಿದ್ದೆ ಬಾರದೆ, ಯಾವುದೂ ಬೇಡ ಅಂತ ವಾರಗಟ್ಟಲೆ ಗೋಡೆ ನೋಡುತ್ತ ಮಲಗಿದರೆ ಅದು ಖಿನ್ನತೆ ಇರಬಹುದು, ಅದಕ್ಕೂ ಔಷಧ ಇದೆ. 14416ಕ್ಕೆ ಫೋನ್ ಮಾಡಿದರೆ ‘ಟೆಲಿ ಮಾನಸ್’ನವರು ಉಚಿತವಾಗಿ ಮಾತಾಡ್ತಾರೆ. ಮಕ್ಕಳು ಕೈಬಿಟ್ಟರೆ 60 ದಾಟಿದ ತಂದೆತಾಯಿ 2007ರ ಕಾಯ್ದೆಯಂತೆ ಉಪವಿಭಾಗಾಧಿಕಾರಿಗೆ ಜೀವನಾಂಶದ ಅರ್ಜಿ ಕೊಡಬಹುದು, ವಕೀಲರಿಲ್ಲದೆಯೂ ಕೊಡಬಹುದು. “ನೋಡಿಕೊಳ್ತೀವಿ” ಅನ್ನುವ ಷರತ್ತಿನ ಮೇಲೆ ಹೊಲಮನೆ ಬರೆಸಿಕೊಂಡು ನೋಡಿಕೊಳ್ಳದಿದ್ದರೆ ಆ ಪತ್ರವನ್ನೇ ರದ್ದು ಮಾಡಿಸಬಹುದು. ಹಿರಿಯರ ಸಹಾಯವಾಣಿ 14567. ಈ ನಂಬರನ್ನು ಅವ್ವನ ಫೋನಿನಲ್ಲಿ ನೀವೇ ಸೇವ್ ಮಾಡಿಕೊಡಿ, ಧೈರ್ಯ ಇದ್ದರೆ!

ಹಿರಿಯರಿಗೆ ನನ್ನ ವಿನಂತಿ ಇಷ್ಟೇ. ನಮ್ಮ ಬಿಸಿಲು ಏರುವ ಮೊದಲು, ವಾರಕ್ಕೆ ಐದು ದಿನ ಅರ್ಧರ್ಧ ತಾಸು ನಡೀರಿ. ಕೈ ಊರದೆ ಕುರ್ಚಿಯಿಂದ ಎದ್ದು ಕೂತು ಮಾಡ್ರಿ, ಕಾಲಿಗೆ ಬಲ ಬರುತ್ತೆ, ಬೀಳುವ ಭಯ ಕಡಿಮೆ ಆಗುತ್ತೆ. ಬೇಸಿಗೆಯಲ್ಲಿ ಬಾಯಾರಿಕೆಗೆ ಕಾಯದೆ ನೀರು ಕುಡೀರಿ, ವಯಸ್ಸಾದಂತೆ ದಾಹ ಗೊತ್ತಾಗೋದು ಕಡಿಮೆ. ವರ್ಷಕ್ಕೊಂದು ಹೊಸದು ಕಲೀರಿ, ಒಂದು ಹಾಡಾದರೂ ಸರಿ, ಒಂದು ಅಕ್ಷರವಾದರೂ ಸರಿ. ಮತ್ತೆ ಯಾರಾದರೂ “ವಯಸ್ಸಾತು ಬಿಡ್ರಿ” ಅಂದರೆ ಕೇಳಿ: “ಹೌದು, ಆತು. ತೋರಿಸ್ಕೊಂಡು ಬಂದೀಯೇನು?”

ಮುಂದಿನ ವಾರ ನಮ್ಮ ಖಳನಾಯಕರ ಕಥೆಗಳೊಂದಿಗೆ ಸಿಗ್ತೀನಿ. ಆರೋಗ್ಯ ಜೋಪಾನ!